ಗೆಳೆಯನಿಗೊಂದು ಪತ್ರ: ಬಾಯಿ ಬಿಡದಿದ್ದರೆ ಇರಬಹುದು

ಪ್ರೀತಿಯ ಮುದ್ದೆ,

ನಿನ್ನ ವಾಯ್ಸ್ ಮೆಸೇಜು ಪೂರ್ತಿ ಕೇಳಿದೆ, ನಡುವೆ ಕುಕ್ಕರ್ ಕೂಗಿದ್ದನ್ನೂ ಸೇರಿಸಿ. ಮ್ಯಾಂಚೆಸ್ಟರಿನಲ್ಲಿ ಹೋಟೆಲುಗಳ ಮುಂದೆ ಬಾವುಟ ಹಿಡಿದು ನಿಂತವರು, ಒಳಗೆ ಆಶ್ರಯ ಕೋರಿ ಬಂದವರು, ಟೀವಿಯಲ್ಲಿ ಎರಡೂ ಕಡೆಯವರ ಕೂಗಾಟ. ಒಂದು ಟ್ವೀಟಿಗೆ 31 ತಿಂಗಳು ಜೈಲು ಅಂದ್ರೆ ಇದ್ಯಾವ ವಾಕ್ ಸ್ವಾತಂತ್ರ್ಯ ಅಂತ ನೀನು ಕೇಳಿದೆ. ಕೊನೇಲಿ ‘ನಮ್ಮಲ್ಲಾದ್ರೆ ಹೀಗಿಲ್ಲ ಬಿಡು’ ಅಂದೆಯಲ್ಲ, ಅದಕ್ಕೆ ಈ ಪತ್ರ. ಎಲ್ಲರಿಗೂ ಕಾಣೋ ಹಾಗೆ ಹಾಕ್ತಿದ್ದೀನಿ, ಯಾಕಂದ್ರೆ ಇದೇ ಮಾತು ಹೇಳೋರು ಸರಸ್ವತಿಪುರಂನಿಂದ ಮದ್ದೂರಿನವರೆಗೂ ಇದ್ದಾರೆ.

ಮೊದಲು ಆ ಟ್ವೀಟು. 2024ರ ಜುಲೈ 29ರಂದು ಸೌತ್‌ಪೋರ್ಟಿನಲ್ಲಿ ಮೂವರು ಹೆಣ್ಣುಮಕ್ಕಳ ಕೊಲೆಯಾಯ್ತು. ಕೊಂದವನು ದೋಣಿಯಲ್ಲಿ ಬಂದ ಆಶ್ರಯಾರ್ಥಿ ಅಂತ ಸುಳ್ಳು ಹಬ್ಬಿತು. ಅವನು ಹುಟ್ಟಿದ್ದು ಕಾರ್ಡಿಫ್‌ನಲ್ಲಿ. ಅದೇ ದಿನ ಲೂಸಿ ಕಾನಲಿ ಅನ್ನೋ ಹೆಂಗಸು, ನೀನು ಹೇಳಿದ ಟ್ವೀಟಿನವಳು, ಇಂಥವರನ್ನು ಇಟ್ಟಿರೋ ಹೋಟೆಲುಗಳಿಗೆ ಬೆಂಕಿ ಹಚ್ಚಿದ್ರೂ ನನಗೇನು ಅನ್ನೋ ಧಾಟಿಯಲ್ಲಿ ಬರೆದಳು, ಕೆಲವು ಗಂಟೆ ಬಿಟ್ಟು ಅಳಿಸಿದಳು, ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಳು. ಆರು ದಿನಕ್ಕೆ ರಾದರ್‌ಹ್ಯಾಮ್‌ನಲ್ಲಿ ಅಂಥದ್ದೇ ಒಂದು ಹೋಟೆಲಿಗೆ ಒಳಗೆ ಜನ ಇರುವಾಗಲೇ ಬೆಂಕಿ ಇಡೋಕೆ ನೋಡಿದ್ರು. ಶಿಕ್ಷೆ ಜಾಸ್ತಿಯಾಯ್ತು ಅಂತ ನನಗೂ ಅನ್ನಿಸುತ್ತೆ. ಆದ್ರೆ ಅದು ಬರೀ ಅಭಿಪ್ರಾಯ ಅನ್ನಬೇಡ. ನಮ್ಮ ಸುಪ್ರೀಂ ಕೋರ್ಟು 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಆನ್‌ಲೈನ್ ಬರಹಕ್ಕೆ ಜೈಲಿಗೆ ಹಾಕ್ತಿದ್ದ ಐಟಿ ಕಾಯ್ದೆಯ 66ಎ ಹೊಡೆದುಹಾಕುವಾಗ ಮೂರು ಮೆಟ್ಟಿಲು ಹೇಳಿತ್ತು: ಚರ್ಚೆ, ಪ್ರತಿಪಾದನೆ, ಪ್ರಚೋದನೆ. ಮೊದಲೆರಡು ಎಷ್ಟೇ ಕಹಿಯಾಗಿದ್ರೂ ಮುಟ್ಟಂಗಿಲ್ಲ, ಮೂರನೇದಕ್ಕೆ ಮಾತ್ರ ಕಾನೂನು ಕೈ ಹಾಕಬಹುದು. ಆಶ್ರಯ ನೀತಿ ತಪ್ಪು, ಯಾರೂ ಬರಬಾರದು ಅನ್ನೋದು ಮೊದಲೆರಡರೊಳಗೆ ಸಲೀಸಾಗಿ ನಿಲ್ಲುತ್ತೆ. ಬೆಂಕಿಯ ಮಾತು ನಿಲ್ಲಲ್ಲ.

ನಮ್ಮಲ್ಲೂ ಅದಕ್ಕೆ ಸೆಕ್ಷನ್ ಇದೆ: ಭಾರತೀಯ ನ್ಯಾಯ ಸಂಹಿತೆಯ 196, ಹಳೇ 153ಎ. ಧರ್ಮ, ಜನಾಂಗ, ಹುಟ್ಟಿದ ಜಾಗ, ಭಾಷೆ ಯಾವುದರ ಮೇಲಾದ್ರೂ ದ್ವೇಷ ಹಚ್ಚಿದ್ರೆ 3 ವರ್ಷದವರೆಗೆ. ಎಲ್ಲಿ ಕೆಡುತ್ತೆ ಗೊತ್ತಾ? ಎಫ್‌ಐಆರ್ ಹಾಕೋಕೆ ಯಾರ ಅನುಮತಿಯೂ ಬೇಡ, ಆದ್ರೆ ಕೋರ್ಟು ವಿಚಾರಣೆಗೆ ತಗೊಳ್ಳೋಕೆ ಸರ್ಕಾರದ ಪೂರ್ವಾನುಮತಿ ಬೇಕು, ಬಿಎನ್‌ಎಸ್‌ಎಸ್ (ಅಪರಾಧ ವಿಚಾರಣೆಯ ಹೊಸ ಸಂಹಿತೆ) 217ರಲ್ಲಿ. ಸರ್ಕಾರಕ್ಕೆ ಬೇಕಾದವನ ಫೈಲು ಆ ಮೇಜಿನ ಮೇಲೆ ಮಲಗಿರುತ್ತೆ, ಬೇಡದವನು ಠಾಣೆಗೆ ಅಲೆದು ಅಲೆದೇ ಶಿಕ್ಷೆ ಮುಗಿಸ್ತಾನೆ. 2025ರ ಮಾರ್ಚ್ 28ರಂದು ಕವಿತೆಯೊಂದಕ್ಕೆ ಎಫ್‌ಐಆರ್ ಹಾಕಿಸಿಕೊಂಡ ಸಂಸದ ಇಮ್ರಾನ್ ಪ್ರತಾಪಗಢಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಒಂದು ಬಾಗಿಲು ತೆರೆಯಿತು. 3ರಿಂದ 7 ವರ್ಷದೊಳಗಿನ ಶಿಕ್ಷೆಯ ಮಾತಿನ ಅಪರಾಧಗಳಲ್ಲಿ, ಎಫ್‌ಐಆರ್‌ಗೆ ಮೊದಲು ಅದೇ ಸಂಹಿತೆಯ 173(3)ರಡಿ 14 ದಿನದೊಳಗೆ ಪ್ರಾಥಮಿಕ ವಿಚಾರಣೆ ಮಾಡೋದೇ ಸರಿ ಅಂತು. ಡಿವೈಎಸ್‌ಪಿ ಅನುಮತಿ ಬೇಕು. ನಿನ್ನ ತಮ್ಮನಿಗೆ ಈ ನಂಬರು ಬರೆದಿಟ್ಕೊಳ್ಳೋಕೆ ಹೇಳು, ಅವನ ಸ್ಟೇಟಸ್‌ಗಳನ್ನ ನೋಡ್ತಾ ಇದ್ದೀನಿ.

ಇನ್ನು ‘ನಮ್ಮಲ್ಲಾದ್ರೆ’ ಅನ್ನೋದು. ನಮ್ಮಲ್ಲಿ ಆಶ್ರಯ ಕೇಳೋಕೆ ಒಂದು ಕಾಯ್ದೆಯೇ ಇಲ್ಲ ಕಣೋ. 1951ರ ನಿರಾಶ್ರಿತರ ಒಪ್ಪಂದಕ್ಕೂ ನಾವು ಸೇರಿಲ್ಲ, 1967ರ ಪ್ರೋಟೋಕಾಲಿಗೂ ಇಲ್ಲ. ಇರೋದು ವಿದೇಶಿಯರ ಕಾನೂನು. 1946ರದ್ದು ಹೋಗಿ 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಜಾರಿಯಲ್ಲಿದೆ. ಪಾಸ್‌ಪೋರ್ಟು ವೀಸಾ ಇಲ್ಲದೆ ಬಂದ್ರೆ 5 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ವೀಸಾ ಮುಗಿದ ಮೇಲೆ ಉಳಿದ್ರೆ 3 ವರ್ಷ, 3 ಲಕ್ಷ. ಜೀವ ಉಳಿಸ್ಕೊಳ್ಳೋಕೆ ಓಡಿಬಂದವನೂ ಕೆಲಸಕ್ಕೆ ನುಸುಳಿದವನೂ ಕಾಯ್ದೆಯ ಕಣ್ಣಿಗೆ ಒಂದೇ. ಅವರಿಬ್ಬರನ್ನ ಬೇರೆ ಮಾಡೋದು ಗೃಹ ಸಚಿವಾಲಯದ ಆದೇಶ. ಕಾಯ್ದೆ ಜೊತೆಗೇ ವಿನಾಯಿತಿ ಆದೇಶ ಬಂತಲ್ಲ, ಅದನ್ನ ಓದು. ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನದಿಂದ ಧಾರ್ಮಿಕ ಕಿರುಕುಳಕ್ಕೆ ಹೆದರಿ 2024ರ ಡಿಸೆಂಬರ್ 31ರೊಳಗೆ ಬಂದ ಹಿಂದೂ, ಸಿಖ್, ಬೌದ್ಧ, ಜೈನ, ಪಾರ್ಸಿ, ಕ್ರೈಸ್ತರು. 2015ರ ಜನವರಿ 9ರೊಳಗೆ ಬಂದು ನೋಂದಾಯಿಸಿಕೊಂಡ ಶ್ರೀಲಂಕಾ ತಮಿಳರು. ನೋಂದಣಿ ಇರೋ ಟಿಬೆಟಿಯನ್ನರು. ಮ್ಯಾನ್ಮಾರಿನ ರೋಹಿಂಗ್ಯಾ ಇಲ್ಲ, ಅಫ್ಘಾನಿಸ್ತಾನದ ಹಜಾರಾ ಇಲ್ಲ. ಜನ ಇದನ್ನ ಸಿಎಎ (ಪೌರತ್ವ ತಿದ್ದುಪಡಿ ಕಾಯ್ದೆ) ಜೊತೆ ಕಲಸಿಬಿಡ್ತಾರೆ. ಸಿಎಎಯ ಗಡಿ 2014ರ ಡಿಸೆಂಬರ್ 31, ಕೊಡೋದು ಪೌರತ್ವದ ದಾರಿ. ಇದು ದಂಡದಿಂದ ಪಾರು ಮಾಡುತ್ತೆ, ಅಷ್ಟೇ.

ಪಟ್ಟಿಯಲ್ಲಿಲ್ಲದವನು ಏನು ಮಾಡ್ಬೇಕು? ದೆಹಲಿಯ ಯುಎನ್‌ಎಚ್‌ಸಿಆರ್ (ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ) ಕಚೇರಿಯಲ್ಲಿ ಹೆಸರು ಬರೆಸಬೇಕು. ಮೊದಲು ‘ಪರಿಶೀಲನೆಯಲ್ಲಿದೆ’ ಅನ್ನೋ ಕಾಗದ, ಆಮೇಲೆ ಸಂದರ್ಶನ, ಒಪ್ಪಿದ್ರೆ ಕಾರ್ಡು. ಸಂದರ್ಶನದಲ್ಲಿ ಕೆಡೋದು ಸಾಮಾನ್ಯವಾಗಿ ತಾರೀಖುಗಳಿಂದ. ಹೆದರಿ ಓಡಿಬಂದವನಿಗೆ ಯಾವ ಶುಕ್ರವಾರ ಅನ್ನೋದು ನೆನಪಿರಲ್ಲ, ಎರಡನೇ ಸಲ ಬೇರೆ ಹೇಳ್ತಾನೆ, ಕತೆ ಕೂಡಲ್ಲ ಅಂತ ಬರ್ಕೊಳ್ತಾರೆ. ಕಾರ್ಡು ಸಿಕ್ಕಿದ್ರೂ ನಮ್ಮ ಕಾನೂನಿನಲ್ಲಿ ಅದು ವಾಸದ ಹಕ್ಕಲ್ಲ. ಕೆಲವು ಠಾಣೆಗಳಲ್ಲಿ ನಡೆಯುತ್ತೆ, ಕೆಲವದರಲ್ಲಿ ನಡೆಯಲ್ಲ. ಅಲ್ಲಿ ನಿಮ್ಮ ಸರ್ಕಾರ ಅಡುಗೆ ಮಾಡ್ಕೊಳ್ಳೋ ಆಶ್ರಯಾರ್ಥಿಗೆ ವಾರಕ್ಕೆ ಕೊಡೋ 49 ಪೌಂಡು ಚಿಲ್ಲರೆಗೆ ಅಷ್ಟೊಂದು ಗಲಾಟೆ ನಡೀತಲ್ಲ, ಇಲ್ಲಿ ಸೊನ್ನೆ.

ಮನೆ ಬಾಡಿಗೆಗೆ ಕೊಡೋರಿಗೂ ಒಂದು ಮಾತು, ಓದ್ತಾ ಇರೋ ಕುವೆಂಪುನಗರದ ಓನರ್‌ಗಳಿಗೆ. ವಿದೇಶಿಯನ್ನ ಇಟ್ಕೊಂಡ್ರೆ 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಮಾಹಿತಿ ಹಾಕ್ಬೇಕು, ಜನ ಸಿ ಫಾರಂ ಅಂತ ಕರೆಯೋದು. ಜಿಲ್ಲೆಯಲ್ಲಿ ವಿದೇಶಿಯರ ನೋಂದಣಿ ಅಧಿಕಾರಿ ಅಂದ್ರೆ ಸಾಮಾನ್ಯವಾಗಿ ಎಸ್‌ಪಿ. ‘ಒಳ್ಳೆ ಹುಡುಗ, ಯೂನಿವರ್ಸಿಟಿಯವನು’ ಅನ್ನೋದು ಉತ್ತರ ಅಲ್ಲ.

ಈಗ ನಿದ್ದೆ ಕೆಡಿಸಿದ ವಿಷಯಕ್ಕೆ ಬರ್ತೀನಿ. 2025ರ ಸೆಪ್ಟೆಂಬರ್ 24ರಂದು ನಮ್ಮ ಹೈಕೋರ್ಟು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿಯ ಅರ್ಜಿ ವಜಾ ಮಾಡಿತು. ಸರ್ಕಾರದ ಸಹಯೋಗ್ ಪೋರ್ಟಲ್ ಮೂಲಕ ಪೋಸ್ಟು ತೆಗೆಸೋದು ಸರಿಯಲ್ಲ ಅಂತ ಕಂಪನಿ ವಾದಿಸಿತ್ತು. ಕೋರ್ಟು ಹೇಳಿದ್ದರಲ್ಲಿ ಒಂದು, ಮಾತಿನ ಹಕ್ಕು ಕೊಡೋ ಸಂವಿಧಾನದ 19ನೇ ವಿಧಿ ನಾಗರಿಕರಿಗೆ, ಅಮೆರಿಕದ ಕಂಪನಿಗೆ ಅಲ್ಲ. ಅಷ್ಟು ದುಡ್ಡಿರೋ ಕಂಪನಿಗೆ ಬಾಗಿಲು ಹಾಕಿದ್ದು ಕಂಡು ಬಹಳ ಜನಕ್ಕೆ ಖುಷಿಯಾಯ್ತು. ನನಗೆ ನೆನಪಾದದ್ದು ಟಿಬೆಟಿಯನ್ ನಿರಾಶ್ರಿತರ ಬೈಲಕುಪ್ಪೆ. ಹೊಸ ವಿಷಯವೇನಲ್ಲ, ಕಾನೂನು ಓದಿದ ಯಾರಿಗಾದ್ರೂ ಗೊತ್ತು: ಸಮಾನತೆಯ 14ನೇ ವಿಧಿ, ಜೀವದ ಹಕ್ಕಿನ 21ನೇ ವಿಧಿ ಈ ನೆಲದ ಮೇಲಿರೋ ಎಲ್ಲರಿಗೂ ಇದೆ, 1996ರಲ್ಲಿ ಅರುಣಾಚಲದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವ ಕಾಪಾಡಿ ಅಂದದ್ದು ಅದರ ಮೇಲೆ. ಮಾತಾಡೋ ಹಕ್ಕು ಆ ಸಾಲಿನಲ್ಲಿಲ್ಲ. ಅಂದ್ರೆ ನಿರಾಶ್ರಿತರ ಬಗ್ಗೆ ನಡೆಯೋ ಜಗಳದಲ್ಲಿ ಪರ ಇರೋ ನಾನೂ ವಿರೋಧ ಇರೋ ನಿಮ್ಮ ಮಾವನೂ ಸಂವಿಧಾನದ ರಕ್ಷಣೆಯಲ್ಲಿ ಕೂಗಾಡಬಹುದು. ಯಾರ ಬಗ್ಗೆ ಕೂಗ್ತಿದ್ದೀವೋ ಅವನಿಗೆ ಮಾತ್ರ ಅದಿಲ್ಲ.

ನಮ್ಮ ದೇಶ ಒಂದೇ ಹೀಗೆ ಅಂತಲ್ಲ. ನಿಮ್ಮ ಯುರೋಪಿನ ಮಾನವ ಹಕ್ಕು ಒಪ್ಪಂದದ 10ನೇ ವಿಧಿ ಮಾತಿನ ಹಕ್ಕನ್ನ ಎಲ್ಲರಿಗೂ ಕೊಟ್ಟು, 16ರಲ್ಲಿ ವಿದೇಶಿಯರ ರಾಜಕೀಯ ಚಟುವಟಿಕೆಗೆ ಕಡಿವಾಣ ಹಾಕಬಹುದು ಅನ್ನುತ್ತೆ. 1951ರ ಒಪ್ಪಂದದ 15ನೇ ವಿಧಿಯೂ ನಿರಾಶ್ರಿತರಿಗೆ ರಾಜಕೀಯೇತರ ಸಂಘ, ಕಾರ್ಮಿಕ ಸಂಘಗಳ ವಿಷಯದಲ್ಲಷ್ಟೇ ಭರವಸೆ ಕೊಡೋದು. ಅನ್ನ ಹಾಕ್ತೀವಿ, ಮಾತು ಬೇಡ.

ಬೈಲಕುಪ್ಪೆ ಲೆಕ್ಕ ನೋಡು. 1960-61ರಲ್ಲಿ ಅಂದಿನ ಮೈಸೂರು ರಾಜ್ಯ ಸುಮಾರು 3,000 ಎಕರೆ ಕಾಡು ಕೊಟ್ಟಿತು, ಕಡಿದು ಹಸನು ಮಾಡಿ ಮುಸುಕಿನ ಜೋಳ ಬೆಳೆದರು. ಆಮೇಲೆ ಹುಣಸೂರಿನ ಗುರುಪುರ, ಕೊಳ್ಳೇಗಾಲದ ಒಡೆಯರಪಾಳ್ಯ, ಉತ್ತರಕ್ಕೆ ಮುಂಡಗೋಡು. ನಮ್ಮೂರಿನವರಷ್ಟೇ ಸಲೀಸಾಗಿ ಕನ್ನಡ ಮಾತಾಡೋ ಅಲ್ಲಿನ ಹುಡುಗನ ಕೈಲಿರೋದು ನವೀಕರಿಸ್ತಾ ಇರಬೇಕಾದ ನೋಂದಣಿ ಪತ್ರ, ಅಂದ್ರೆ ಆರ್‌ಸಿ, ಹೊರದೇಶಕ್ಕೆ ಹೋಗೋಕೆ ಹಳದಿ ಹೊದಿಕೆಯ ಗುರುತಿನ ಪತ್ರ, ಅಂದ್ರೆ ಐಸಿ. 1950ರ ಜನವರಿ 26ರಿಂದ 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ನಾಗರಿಕರು. 2010ರಲ್ಲಿ ದೆಹಲಿ ಹೈಕೋರ್ಟು, 2013ರಲ್ಲಿ ನಮ್ಮ ಹೈಕೋರ್ಟು ಅದನ್ನೇ ಹೇಳಿದವು. ಆದ್ರೆ 2017ರಲ್ಲಿ ವಿದೇಶಾಂಗ ಸಚಿವಾಲಯ ಪಾಸ್‌ಪೋರ್ಟಿಗೆ ಷರತ್ತು ಹಾಕಿತು: ಆರ್‌ಸಿ, ಐಸಿ ವಾಪಸ್ ಕೊಡಬೇಕು, ಸೌಲಭ್ಯ ಬಿಡಬೇಕು, ಟಿಬೆಟಿಯನ್ ವಸತಿಯಲ್ಲಿ ಇರಬಾರದು. ಮಾತಿನ ಹಕ್ಕು ಬೇಕಾದ್ರೆ ಅಪ್ಪ ಅಮ್ಮ ಇರೋ ಮನೆ ಬಿಡು ಅಂದಂಗೆ.

ಮಾತಾಡಿದ್ರೆ ಏನಾಗುತ್ತೆ ಅನ್ನೋದಕ್ಕೂ ಉದಾಹರಣೆ ದೂರದ್ದಲ್ಲ. 2005ರ ಏಪ್ರಿಲ್‌ನಲ್ಲಿ ಚೀನಾ ಪ್ರಧಾನಿ ವೆನ್ ಜಿಯಾಬಾವೊ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ಬಂದಾಗ ಟಿಬೆಟಿಯನ್ ಕವಿ ತೆನ್ಜಿನ್ ತ್ಸುಂಡು ಅಲ್ಲಿನ ಗೋಪುರ ಹತ್ತಿ ಬ್ಯಾನರ್ ಇಳಿಬಿಟ್ಟರು, ಪೊಲೀಸರು ಎಳ್ಕೊಂಡು ಹೋದ್ರು. 2019ರ ಅಕ್ಟೋಬರ್‌ನಲ್ಲಿ ಷಿ ಜಿನ್‌ಪಿಂಗ್ ಮಾಮಲ್ಲಪುರಕ್ಕೆ ಬಂದಾಗ ಚೆನ್ನೈನಲ್ಲಿ ಟಿಬೆಟಿಯನ್ ವಿದ್ಯಾರ್ಥಿಗಳನ್ನೂ ಹಿಡಿದಿಟ್ಟರು. ಮುಂಜಾಗ್ರತೆ ಬಂಧನ ಅಂತಾರೆ, ಈಗ ಬಿಎನ್‌ಎಸ್‌ಎಸ್ 170, 24 ಗಂಟೆ ಮೀರಂಗಿಲ್ಲ. ನಾಗರಿಕನನ್ನ ಹಿಡಿದ್ರೆ 19ರ ಹೆಸರಲ್ಲಿ ಕೇಳಬಹುದು. ಮಾತಿಗೆ ಮಿತಿ ಹಾಕೋ 19(2)ರಲ್ಲಿ ‘ವಿದೇಶಗಳೊಂದಿಗೆ ಸ್ನೇಹ ಸಂಬಂಧ’ ಅನ್ನೋ ಕಾರಣ 1951ರ ಮೊದಲ ತಿದ್ದುಪಡಿಯಲ್ಲೇ ಸೇರಿದೆ, ಅದನ್ನ ಸರ್ಕಾರ ಸಾಬೀತು ಮಾಡಬೇಕು. ನಿರಾಶ್ರಿತನ ವಿಷಯದಲ್ಲಿ ಆ ಪ್ರಶ್ನೆಯೇ ಏಳಲ್ಲ.

ಇಲ್ಲೊಂದು ಹೇಳಿಬಿಡ್ತೀನಿ. ಬೈಲಕುಪ್ಪೆಯವರು ನನಗಿಷ್ಟ. ಮೈಸೂರಲ್ಲಿ ಯಾರನ್ನ ಕೇಳಿದ್ರೂ ಇಷ್ಟ ಅಂತಾರೆ, ಒಳ್ಳೆ ಜನ, ತಮ್ಮ ಪಾಡಿಗೆ ತಾವಿರ್ತಾರೆ ಅಂತಾರೆ. ಆ ‘ತಮ್ಮ ಪಾಡಿಗೆ’ಯಲ್ಲೇ ಎಲ್ಲ ಇದೆ ನೋಡು. ಓಟು ಕೇಳಲ್ಲ, ಡಿಸಿ ಆಫೀಸಿನ ಮುಂದೆ ಪೆಂಡಾಲ್ ಹಾಕಲ್ಲ, ನಮ್ಮ ಎಂಎಲ್‌ಎನ ಬೈಯಲ್ಲ. ನಾಳೆ ಅವರಲ್ಲೊಬ್ಬ ಗುತ್ತಿಗೆ ಜಮೀನಿನ ವಿಷಯಕ್ಕೆ ಮೈಕ್ ಹಿಡಿದ್ರೆ ನನ್ನ ತಲೆಗೆ ಮೊದಲು ಬರೋದು 19ನೇ ವಿಧಿ ಅಲ್ಲ. ‘ಬಂದವರು ಬಂದ ಹಾಗೆ ಇರಬಾರದಾ’ ಅಂತ. ಬಾಯಲ್ಲಿ ಹೇಳಲ್ಲ, ಸಭ್ಯಸ್ಥ ಅಲ್ವಾ. ಒಳಗೆ ಬರುತ್ತೆ. ಅದೇ ನಾನು, ಗಾರೆ ಕೆಲಸಕ್ಕೆ ಬಂದ ಬಂಗಾಳಿ ಮಾತಾಡೋ ಹುಡುಗರ ವಿಡಿಯೊ ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಬಾಂಗ್ಲಾದೇಶಿಗಳು’ ಅಂತ ಬಂದಾಗ, ಆಧಾರ್ ಪೌರತ್ವದ ದಾಖಲೆ ಅಲ್ಲ, ನಾನು ವಿದೇಶಿ ಅಲ್ಲ ಅಂತ ರುಜುವಾತು ಮಾಡೋ ಹೊರೆ ಅವನ ತಲೆ ಮೇಲೇ ಇದೆ, ಆ ವಿಡಿಯೊ ಅವನನ್ನ ಎಲ್ಲಿಗೆ ಒಯ್ಯಬಹುದು ಅನ್ನೋದೆಲ್ಲ ಗೊತ್ತಿದ್ದೂ ಸುಮ್ಮನೆ ಓದಿ ಮುಂದೆ ಹೋಗ್ತೀನಿ. ಹೆದರಿಕೆ ಅಂತಲ್ಲ. ಬಾಯಿ ತೆಗೆದ್ರೆ ನಾನು ಯಾವ ಪಕ್ಷದವನು ಅಂತ ಲೆಕ್ಕ ಹಾಕ್ತಾರೆ, ಅದೊಂದು ಕಿರಿಕಿರಿ. ಇದ್ದ ಹಕ್ಕನ್ನ ಅಷ್ಟಕ್ಕೇ ಬೀರುವಿನಲ್ಲಿಟ್ಟವನು ಇಲ್ಲದವನ ಪರ ಪತ್ರ ಬರೀತಿದ್ದೀನಿ.

ಸಾಕು, ಇದನ್ನ ಬರೀಬಾರದಿತ್ತು. ಲೈಕ್ ಒತ್ತೋರು ಈ ಪ್ಯಾರಾ ಬಿಟ್ಟು ಒತ್ತಿ.

ಅಂದಹಾಗೆ ನೀನು ಹೋದ ವರ್ಷ ಆ ರಾಣಿ... ಕ್ಷಮಿಸು, ಈಗ ರಾಜ, ಅವರ ಪಾಸ್‌ಪೋರ್ಟು ತಗೊಂಡೆಯಲ್ಲ? ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಅವತ್ತೇ ನೀನು ಭಾರತೀಯನಾಗಿ ಉಳಿಯಲಿಲ್ಲ. ಕೈಲಿರೋ ಒಸಿಐ ಕಾರ್ಡು ಜೀವಮಾನದ ವೀಸಾ, ಪೌರತ್ವ ಅಲ್ಲ. ಸಂವಿಧಾನದ ಬಗ್ಗೆ ಅಪ್ರೀತಿ ತೋರಿಸಿದ್ರೆ 7ಡಿಯಲ್ಲಿ ರದ್ದು ಮಾಡಬಹುದು. ಮಂಡ್ಯ ರಾಜಕೀಯದ ಮೇಲೆ ದಿನಾ ಬೆಳಗ್ಗೆ ನೀನು ಹರಿಬಿಡೋ ಪ್ರವಚನಕ್ಕೆ 19ನೇ ವಿಧಿ ಇದೆಯಾ ಇಲ್ಲವಾ ಅಂತ ವಾದ ಮಾಡಬೇಕಾದ್ರೆ ವಕೀಲರು ಬೇಕಾಗ್ತಾರೆ. ನನ್ನ ಫೀಸು ಪೌಂಡಿನಲ್ಲಿ.

ಡಿಸೆಂಬರ್‌ನಲ್ಲಿ ಮಕ್ಕಳನ್ನ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ಲಿಗೆ ಕರ್ಕೊಂಡು ಹೋಗ್ತೀನಿ ಅಂದಿದ್ದೆ. ಹಗಲು ಹೋಗಿ ಬಾ, ತೊಂದರೆಯಿಲ್ಲ. ರಾತ್ರಿ ಉಳಿಯಬೇಕಾದ್ರೆ ವಿದೇಶಿಯರಿಗೆ ಸಂರಕ್ಷಿತ ಪ್ರದೇಶದ ಪರವಾನಗಿ ಬೇಕು, ಒಸಿಐ ಇದ್ರೂ ಬೇಕು, ಬರೋಕೆ ತಿಂಗಳುಗಟ್ಟಲೆ ಹಿಡಿಯುತ್ತೆ. ಅರ್ಜಿ ಈಗಲೇ ಹಾಕು. ಬರುವ ಉದ್ದೇಶ ಅನ್ನೋ ಜಾಗದಲ್ಲಿ ‘ಮೊಮೊ’ ಅಂತ ಬರೀಬೇಡ.

ನಿನ್ನ,
ಅದೇ ಮೈಸೂರಿನವನು