ಅಜ್ಜಿಯ ಸೆರಗು ಮುಳುಗದಿರಲಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಅಜ್ಜಿಯ ಫೋಟೋ ನಿನ್ನೆಯಿಂದ ಎಷ್ಟು ಸಲ ನೋಡಿದೆನೋ. ಕಟ್ಟೆಯ ಮೇಲೆ ಕೂತು ಶೇಂಗಾ ಬಿಡಿಸುತ್ತಿದ್ದಾಳೆ. ತಲೆ ಮೊರದ ಕಡೆಗೆ ಬಾಗಿದೆ, ಹೆಬ್ಬೆರಳಿನ ಉಗುರು ಸಿಪ್ಪೆಯೊಳಗೆ ಇಳಿದಿದೆ. ಅದನ್ನು ಹಿಡಿದಿದ್ದೀಯಲ್ಲ, ಅದಕ್ಕೇ ಈ ಪತ್ರ.

ಆದರೆ ನೀನು ಮಾಡಿದ ಕಪ್ಪುಬಿಳುಪಿನಲ್ಲಿ ಸೀರೆಯೇ ಕಾಣೆಯಾಗಿದೆ. ಹಸಿರು ಇಳಕಲ್ ಸೀರೆ, ಕೆಂಪು ಸೆರಗು. ಎರಡೂ ಒಂದೇ ಬೂದು ಬಣ್ಣವಾಗಿ ಕೂಡಿಕೊಂಡಿವೆ. ಸೆರಗಿನ ಬಿಳಿ ತೆನೆಗಳು ಮಾತ್ರ ಉಳಿದಿವೆ. ಬಣ್ಣವನ್ನೆಲ್ಲ ಒಂದೇ ಸಲ ತೆಗೆದುಹಾಕುವ ಡಿಸ್ಯಾಚುರೇಟ್ ಒತ್ತಿರಬೇಕು, ಅಲ್ವಾ? ಫೋಟೋಶಾಪ್‌ನಲ್ಲಿ ಅದನ್ನು ಒತ್ತಿದರೆ ಅಪ್ಪಟ ಕೆಂಪು, ಅಪ್ಪಟ ಹಸಿರು, ಅಪ್ಪಟ ನೀಲಿ ಮೂರೂ ಒಂದೇ ಬೂದಿಗೆ ಬಂದು ನಿಲ್ಲುತ್ತವೆ. ಯಾವ ಬಣ್ಣ ಎಷ್ಟು ಕಪ್ಪಾಗಬೇಕು ಅಂತ ನೀನೇ ಹೇಳಬೇಕು ಪುಟ್ಟಿ, ಯಂತ್ರಕ್ಕೆ ಬಿಡಬಾರದು.

ಫಿಲ್ಮ್ ಕಾಲದಲ್ಲಿ ಇದನ್ನು ಲೆನ್ಸಿನ ಮುಂದೆ ಬಣ್ಣದ ಫಿಲ್ಟರ್ ಹಾಕಿ ಮಾಡುತ್ತಿದ್ದರು. 1927ರಲ್ಲಿ ಅಮೆರಿಕದ ಯೋಸೆಮಿಟಿಯಲ್ಲಿ ಫೋಟೋಗ್ರಾಫರ್ ಆನ್ಸೆಲ್ ಆಡಮ್ಸ್ ಹಾಫ್ ಡೋಮ್ ಬಂಡೆಯನ್ನು ಮೊದಲು ಹಳದಿ ಫಿಲ್ಟರ್ ಹಾಕಿ ತೆಗೆದರು. ಮನಸ್ಸಿಗೆ ಒಪ್ಪಲಿಲ್ಲ. ಫಿಲ್ಮಿನ ಬದಲು ಬಳಸುತ್ತಿದ್ದ ಗಾಜಿನ ಪ್ಲೇಟುಗಳಲ್ಲಿ ಉಳಿದಿದ್ದ ಕೊನೆಯದಕ್ಕೆ ಗಾಢ ಕೆಂಪು ಫಿಲ್ಟರ್ ಹಾಕಿದರು. ನೀಲಿ ಆಕಾಶ ಹೆಚ್ಚುಕಡಿಮೆ ಕಪ್ಪಾಗಿ, ಬಂಡೆ ಎದ್ದು ನಿಂತಿತು. ನಿನಗಾದರೋ ಫೋಟೋ ತೆಗೆದ ಮೇಲೂ ಫಿಲ್ಟರ್ ಬದಲಾಯಿಸುವ ಭಾಗ್ಯ ಇದೆ.

ಫೈಲ್ ಆರ್‌ಜಿಬಿಯಲ್ಲೇ, ಅಂದರೆ ಕೆಂಪು-ಹಸಿರು-ನೀಲಿ ಬಣ್ಣಗಳಲ್ಲೇ ಇರಲಿ. ಫೋಟೋದ ಮೇಲೆ ಬ್ಲ್ಯಾಕ್ ಅಂಡ್ ವೈಟ್ ಅಡ್ಜಸ್ಟ್‌ಮೆಂಟ್ ಲೇಯರ್ ಅನ್ನುವ ತಿದ್ದುಪಡಿಯ ಪದರ ಹಾಕು, ಒಂದೊಂದು ಬಣ್ಣಕ್ಕೆ ಒಂದೊಂದರಂತೆ ಆರು ಸ್ಲೈಡರ್ ಬರುತ್ತವೆ. ತೆರೆದಾಗ ಕೆಂಪು 40 ಇರುತ್ತದೆ, ಹಸಿರೂ 40. ಅಲ್ಲಿಯೂ ಸುಮ್ನೆ ಬಿಟ್ಟರೆ ಸೆರಗು ಮತ್ತೆ ಮುಳುಗುತ್ತದೆ. ನಿನ್ನ ಕೈ ಮೊದಲು ಕೆಂಪಿನ ಕಡೆ ಹೋಗುತ್ತದೆ, ಅದನ್ನು ಮುಟ್ಟಬೇಡ. ಅಜ್ಜಿಯ ಮುಖ, ಕೈ ಎಲ್ಲ ಇರುವುದು ಕೆಂಪು-ಹಳದಿಯಲ್ಲೇ. ಸೆರಗು ಬೆಳಗಲಿ ಅಂತ ಕೆಂಪು ಏರಿಸಿದರೆ ಮುಖವೂ ಬೆಳ್ಳಗಾಗಿ ಸುಕ್ಕುಗಳು ಅಳಿಸಿಹೋಗುತ್ತವೆ. ಆ ಸುಕ್ಕು ನಮಗೆ ಬೇಕು. ಹಸಿರನ್ನು ಇಳಿಸು. ಸೀರೆಯ ಮೈ ಕಪ್ಪಾಗುತ್ತಾ ಹೋದಂತೆ ಸೆರಗು ತಾನಾಗಿ ಎದ್ದು ಬರುತ್ತದೆ. ಜಾಸ್ತಿ ಎಳೆದರೆ ಬಟ್ಟೆಯ ಮೇಲೆ ಕಾಳುಕಾಳಾಗಿ ಕಾಣುತ್ತದೆ, ಅಲ್ಲಿಗೆ ನಿಲ್ಲಿಸು. ಕ್ಯಾಮೆರಾದ ತಿದ್ದದ ಮೂಲ ಫೈಲ್, ಅಂದರೆ ರಾ ಫೈಲ್ ಇದ್ದರೆ 16 ಬಿಟ್‌ನಲ್ಲಿ ತೆರೆ. 8 ಬಿಟ್‌ನಲ್ಲಿ ಕಪ್ಪಿನಿಂದ ಬಿಳಿಗೆ ಬರೀ 256 ಮೆಟ್ಟಿಲು. ಹಿಂದಿನ ಸುಣ್ಣದ ಗೋಡೆಯನ್ನು ಸ್ವಲ್ಪ ತಿದ್ದಿದರೂ ಪಟ್ಟೆಪಟ್ಟೆಯಾಗಬಹುದು.

ಆಮೇಲೆ ಅಜ್ಜಿಯ ಆ ಕೈಯನ್ನು ಒಂಚೂರು ಬೆಳಗಿಸು. ಬೇಕಾದ ಜಾಗವನ್ನಷ್ಟೇ ಬೆಳಗಿಸುವ ಡಾಡ್ಜ್ ಟೂಲಿನ ಗುರುತು ನೋಡಿದ್ದೀಯಾ, ಕಡ್ಡಿಗೆ ಅಂಟಿಸಿದ ಬಿಲ್ಲೆ? ಡಾರ್ಕ್ ರೂಮಿನಲ್ಲಿ ನಾನು ತಂತಿಗೆ ರಟ್ಟು ಕಟ್ಟಿ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಬೆಳಕಿನಡಿ ಆಡಿಸುತ್ತಿದ್ದದ್ದು ಅದನ್ನೇ. ಒಂದೇ ಕಡೆ ನಿಲ್ಲಿಸಿದರೆ ಅಂಚು ಬೀಳುತ್ತಿತ್ತು, ಕೈ ಅಲ್ಲಾಡುತ್ತಲೇ ಇರಬೇಕಿತ್ತು. ನೀನೂ ದೊಡ್ಡ, ಮೆತ್ತನೆಯ ಬ್ರಶ್ ಹಿಡಿ. ಫೋಟೋ ಲೇಯರಿನ ನಕಲಿನ ಮೇಲೆ ಮಾಡು, ಮೂಲ ಹಾಗೇ ಇರಲಿ.

ಇನ್ನು ಪ್ರಿಂಟ್. ನನ್ನ ಮೊದಲ ಡಿಜಿಟಲ್ ಪ್ರಿಂಟಿನಲ್ಲಿ ಅಪ್ಪನ ಕೋಟು ಗುಂಡಿಯೂ ಕಾಣದ ಹಾಗೆ ಕಪ್ಪಾಗಿ ಬಂತು. ನನ್ನ ಮಾನಿಟರ್ ಬೆಳಕು ಪೂರ್ತಿ ಏರಿತ್ತು, ಅದಕ್ಕೆ ಹಾಗಾಯಿತು. ಇವತ್ತಿಗೂ ಆ ಪ್ರಿಂಟ್ ನೋಡಿದರೆ ಬೇಜಾರು. ಸ್ಕ್ರೀನ್ ತಾನೇ ಬೆಳಗುತ್ತದೆ, ಕಾಗದಕ್ಕೆ ಕೋಣೆಯ ಬೆಳಕೇ ಗತಿ. ಬಿಳಿ ಹಾಳೆಯೊಂದನ್ನು ಮಾನಿಟರ್ ಪಕ್ಕ ಹಿಡಿದು, ಎರಡೂ ಒಂದೇ ಸಮ ಕಾಣುವಷ್ಟು ಬೆಳಕು ತಗ್ಗಿಸಿ ಕೆಲಸ ಮಾಡು.

10×8 ಇಂಚಿಗೆ 3000×2400 ಪಿಕ್ಸೆಲ್ ಇದ್ದರೆ ಸಾಕು. ಬೂದು ಇಂಕ್ ಬೇರೆಯಾಗಿ ಇರುವ ಪ್ರಿಂಟರ್ ಇದೆಯಾ ಅಂತ ಲ್ಯಾಬ್‌ನವರನ್ನು ಕೇಳು. ಬಣ್ಣದ ಇಂಕ್ ಬೆರೆಸಿ ಬೂದು ಮಾಡಿದರೆ ಹಸಿರೋ ನೇರಳೆಯೋ ಛಾಯೆ ಬರುವ ಅಪಾಯ ಜಾಸ್ತಿ. ಕಾಗದ ಹೊಳಪಿಲ್ಲದ ಮ್ಯಾಟ್ ಇರಲಿ. ಕಪ್ಪು ಅಷ್ಟು ಆಳ ಬರುವುದಿಲ್ಲ, ನಿಜ. ಆದರೆ ಗೋಡೆಗೆ ಹಾಕಿದಾಗ ಟ್ಯೂಬ್‌ಲೈಟ್ ಹೊಳೆದು ಅಜ್ಜಿಯ ಮುಖ ಮರೆಯಾಗುವುದಿಲ್ಲ.

ಪೂರ್ತಿ ಪ್ರಿಂಟ್ ಹಾಕಿಸುವ ಮೊದಲು, ಮುಖ ಮತ್ತು ಸೆರಗು ಎರಡೂ ಬರುವಂತೆ ಎರಡಿಂಚಿನ ಪಟ್ಟಿ ಅದೇ ಕಾಗದದ ಮೇಲೆ ತೆಗೆಸು. ಒಂದು ರಾತ್ರಿ ಒಣಗಲಿ. ಬೆಳಿಗ್ಗೆ ಕಿಟಕಿ ಹತ್ತಿರ ನೋಡು, ಆಮೇಲೆ ನನಗೆ ಅಂಚೆಯಲ್ಲಿ ಕಳಿಸು. ಮೊಬೈಲ್‌ನಲ್ಲಿ ಅದರ ಫೋಟೋ ತೆಗೆದು ಕಳಿಸಬೇಡ, ನನಗೆ ಕಾಗದವೇ ಬೇಕು.

ನಿನ್ನ ಮಾವ