ಮೊದಲ ದಿನ ತಿನ್ನು, ಕೋಟೆ ಆಮೇಲೆ ನೋಡು: ಸ್ಕಾಟ್ಲೆಂಡಿಗೆ ಬರುವ ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಕಳಿಸಿದ ಪಟ್ಟಿ ಓದಿದೆ. ಎಡಿನ್‌ಬರಾ ಕೋಟೆ ಇದೆ, ಲಾಕ್ ನೆಸ್ ಸರೋವರ ಇದೆ, ಸ್ಕೈ ದ್ವೀಪ ಇದೆ. ಊಟದ ಕಡೆ ಮಾತ್ರ "ಅವಲಕ್ಕಿ, ಚಟ್ನಿಪುಡಿ, ರೆಡಿ ಉಪ್ಪಿಟ್ಟು" ಅಂತ ಬರೆದು ಕೈ ತೊಳೆದುಕೊಂಡಿದ್ದೀಯ! ತಗೊಂಡು ಬಾ, ಬೇಡ ಅನ್ನಲ್ಲ, ಚಟ್ನಿಪುಡಿ ನನಗೂ ಸ್ವಲ್ಪ ಉಳಿಸು. ಆದರೆ ಇಲ್ಲಿಗೆ ಬಂದ ಮೊದಲ ದಿನವೇ ಒಂದು ಫುಡ್ ಟೂರ್ ಮಾಡಿಬಿಡು. ಎಲ್ಲರೂ ಇದನ್ನು ಕೊನೇ ದಿನಕ್ಕೆ ಇಟ್ಟುಕೊಳ್ಳುತ್ತಾರೆ, ಟೈಮ್ ಉಳಿದರೆ ನೋಡೋಣ ಅಂತ. ಊರು ಬಿಡುವ ಹೊತ್ತಿಗೆ ಯಾವುದು ಚೆನ್ನಾಗಿದೆ ಅಂತ ಗೊತ್ತಾಗಿ ಏನು ಪ್ರಯೋಜನ ಹೇಳು?

ಟೂರ್ ಅಂದರೆ ಬಸ್ಸಲ್ಲ, ನಡಿಗೆ. ಎಡಿನ್‌ಬರಾದ ಓಲ್ಡ್ ಟೌನ್‌ನ ರಾಯಲ್ ಮೈಲ್, ವಿಕ್ಟೋರಿಯಾ ಸ್ಟ್ರೀಟ್, ಗ್ರಾಸ್‌ಮಾರ್ಕೆಟ್ ಸುತ್ತಮುತ್ತ ಎರಡು ಮೂರು ಗಂಟೆ ಸುತ್ತಿಸುತ್ತಾರೆ. ಒಂದು ಕಡೆ ಸೂಪು, ಇನ್ನೊಂದು ಕಡೆ ಚೀಸು, ಮತ್ತೊಂದು ಕಡೆ ಗುಟುಕು ವಿಸ್ಕಿ. ಕೆಲವು ಗೈಡ್‌ಗಳು ದಾರಿಯುದ್ದಕ್ಕೂ ದೆವ್ವದ ಕಥೆ ಸುರಿಯುತ್ತಾರೆ, ಅದೊಂದು ಕಿರಿಕಿರಿ. ಒಳ್ಳೆಯ ಗೈಡ್ ಸಿಕ್ಕರೆ ಮಾತ್ರ ತಟ್ಟೆಯಲ್ಲಿ ಇರುವುದು ಯಾಕೆ ಹಾಗಿದೆ ಅಂತ ಅರ್ಥವಾಗುತ್ತದೆ. ಇಲ್ಲಿನ ಚಳಿಗೂ ಮಳೆಗೂ ಗೋಧಿಗಿಂತ ಓಟ್ಸ್ ಚೆನ್ನಾಗಿ ಬರುತ್ತಿತ್ತು, ಅದಕ್ಕೇ ಗಂಜಿಯಲ್ಲಿ ಓಟ್ಸ್, ಬಿಸ್ಕತ್ತಿನಲ್ಲಿ ಓಟ್ಸ್, ಕೊನೆಗೆ ಸಿಹಿಯಲ್ಲೂ ಓಟ್ಸ್. ಕ್ರನಾಕನ್ ಅಂತ ಒಂದು ಸಿಹಿ ಕೊಡುತ್ತಾರೆ. ಹುರಿದ ಓಟ್ಸ್, ಕ್ರೀಮ್, ಜೇನುತುಪ್ಪ, ರಾಸ್‌ಬೆರಿ, ಮೇಲೆ ಸ್ವಲ್ಪ ವಿಸ್ಕಿ. ಅದನ್ನು ಬಿಡಬೇಡ.

ಹ್ಯಾಗಿಸ್ ಬಗ್ಗೆ ನೀನು ಮುಖ ಸಿಂಡರಿಸುತ್ತೀಯ ಅಂತ ಗೊತ್ತು. ಕುರಿಯ ಹೃದಯ, ಲಿವರ್, ಶ್ವಾಸಕೋಶ ಸಣ್ಣಗೆ ಕೊಚ್ಚಿ ಓಟ್ಸ್, ಈರುಳ್ಳಿ, ಕೊಬ್ಬು, ಮಸಾಲೆ ಸೇರಿಸಿ ಬೇಯಿಸಿದ್ದು. ಹಿಂದೆ ಕುರಿಯ ಹೊಟ್ಟೆಚೀಲದಲ್ಲೇ ತುಂಬುತ್ತಿದ್ದರು. ಬೋಟಿ ಗೊಜ್ಜಿಗೆ ಎರಡನೇ ಸಲ ಕೈ ಚಾಚುವ ನೀನು ಇದಕ್ಕೆ ಹೆದರುವುದಾ? ಬಾಯಲ್ಲಿ ಮೊದಲು ಸಿಗುವುದು ಕರಿಮೆಣಸಿನ ಖಾರ, ಆಮೇಲೆ ಓಟ್ಸ್‌ನ ತರಿತರಿ. ಪಕ್ಕದಲ್ಲಿ ಒಂದು ಬಗೆಯ ಟರ್ನಿಪ್ ಮತ್ತು ಆಲೂಗಡ್ಡೆಯ ಪಲ್ಯ ಇರುತ್ತದೆ. ಅದು ಸಪ್ಪೆ, ಸಪ್ಪೆಯಾಗಿಯೇ ಇರಬೇಕು. ಕವಿ ರಾಬರ್ಟ್ ಬರ್ನ್ಸ್ 1786ರಲ್ಲಿ ಹ್ಯಾಗಿಸ್ ಮೇಲೆ ಒಂದು ಪದ್ಯ ಬರೆದ. ಈಗಲೂ ಅವನ ಹುಟ್ಟುಹಬ್ಬ ಜನವರಿ 25ರ ರಾತ್ರಿ ಆ ಪದ್ಯ ಹೇಳಿಯೇ ಹ್ಯಾಗಿಸ್‌ಗೆ ಚಾಕು ಹಾಕುತ್ತಾರೆ. ಅಮೆರಿಕದಲ್ಲಿ ಮಾತ್ರ ಶ್ವಾಸಕೋಶ ಹಾಕಿದ ಹ್ಯಾಗಿಸ್‌ಗೆ ಪ್ರವೇಶ ಇಲ್ಲ, ಅಲ್ಲಿ 1971ರಿಂದ ಶ್ವಾಸಕೋಶ ಆಹಾರವಾಗಿ ಮಾರುವಂತಿಲ್ಲ. ಇನ್ನೊಂದು ಮಾತು, ಹ್ಯಾಗಿಸ್ ಅಂದರೆ ಬೆಟ್ಟದ ಮೇಲೆ ಓಡಾಡುವ ಪ್ರಾಣಿ, ಒಂದು ಕಡೆಯ ಕಾಲು ಗಿಡ್ಡ ಅಂತ ಯಾರಾದರೂ ಗಂಭೀರವಾಗಿ ಹೇಳಿದರೆ ತಲೆಯಾಡಿಸಿ ನಕ್ಕುಬಿಡು, ಪ್ರವಾಸಿಗರಿಗೆಲ್ಲ ಹೇಳುವ ಹಳೇ ಜೋಕ್ ಅದು.

ನಿನ್ನ ಹೆಂಡತಿಗೆ ಸಸ್ಯಾಹಾರಿ ಹ್ಯಾಗಿಸ್ ಧಾರಾಳವಾಗಿ ಸಿಗುತ್ತದೆ. ಸುಮ್ನೆ ಕಾಟಾಚಾರಕ್ಕೆ ಮಾಡಿದ್ದಲ್ಲ, ಬೇಳೆ, ಕಾಳು, ಓಟ್ಸ್, ತರಕಾರಿ ಹಾಕಿ ಮಾಡುತ್ತಾರೆ. 1984ರಲ್ಲಿ ಎಡಿನ್‌ಬರಾದ ಸ್ಕಾಟಿಷ್ ಪೊಯಟ್ರಿ ಲೈಬ್ರರಿ ಶುರುವಾದಾಗ ಮ್ಯಾಕ್‌ಸ್ವೀನ್ ಅನ್ನುವ ಮಾಂಸದಂಗಡಿಯವರು ಮಾಡಿಕೊಟ್ಟಿದ್ದು ಅದು. ಟೂರ್ ಬುಕ್ ಮಾಡುವಾಗಲೇ ಸಸ್ಯಾಹಾರ ಅಂತ ತಿಳಿಸಿಬಿಡು, ಅಲ್ಲಿಗೆ ಹೋಗಿ ಹೇಳಿದರೆ ಅವರಿಗೂ ಕಷ್ಟ. ಬೇಳೆ ಸೂಪು ಅಂತ ಕಂಡರೆ ಕೇಳದೆ ಕುಡಿಯಬೇಡಿ, ಹಂದಿ ಮೂಳೆಯ ಸಾರಿನಲ್ಲಿ ಬೇಯಿಸುವುದು ಇಲ್ಲಿ ಮಾಮೂಲಿ.

ನಿನಗೆ ಮೀನು ಇಷ್ಟ ಅಲ್ವಾ? ಹಾಗಾದರೆ ಒಂದು ದಿನ ರೈಲು ಹತ್ತಿ ಪೂರ್ವ ಕರಾವಳಿಯ ಆರ್‌ಬ್ರೋತ್‌ಗೆ ಹೋಗು. ಅಲ್ಲಿನ ಸ್ಮೋಕಿ ತಿನ್ನದೆ ವಾಪಸ್ ಬರಬೇಡ. ಹ್ಯಾಡಕ್ ಮೀನಿನ ತಲೆ ತೆಗೆದು, ಉಪ್ಪು ಹಾಕಿ, ಎರಡೆರಡನ್ನು ಬಾಲದ ಹತ್ತಿರ ಸೆಣಬಿನ ದಾರದಿಂದ ಕಟ್ಟಿ ಕೋಲಿಗೆ ನೇತುಹಾಕುತ್ತಾರೆ. ಕೆಳಗೆ ಗಟ್ಟಿ ಮರದ ಬೆಂಕಿ, ಮೇಲೆ ಒದ್ದೆ ಗೋಣಿ. ಗೋಣಿ ಹಸಿಯಾಗಿದ್ದರೆ ಬೆಂಕಿ ಭುಗಿಲೇಳುವುದಿಲ್ಲ, ಹೊಗೆಯೂ ಆವಿಯೂ ಒಳಗೇ ಸುತ್ತಿ ಮೀನು ಬೇಯುತ್ತದೆ. ತೆಗೆದಾಗ ಸಿಪ್ಪೆ ತಾಮ್ರದ ಬಣ್ಣ. ಬೆರಳಿಂದ ಬಿಡಿಸಿದರೆ ಒಳಗೆ ಬೆಳ್ಳಗೆ, ಎಸಳೆಸಳಾಗಿ ಬಿಚ್ಚಿಕೊಳ್ಳುತ್ತದೆ, ಬಿಸಿಬಿಸಿ ಇರುವಾಗಲೇ ನಿಂತು ತಿನ್ನಬೇಕು. ನಮ್ಮ ಮೈಸೂರು ಮಲ್ಲಿಗೆಗೆ ಇರುವ ಹಾಗೆ ಇದಕ್ಕೂ ಊರಿನ ಹೆಸರಿನ ರಕ್ಷಣೆ ಇದೆ, 2004ರಿಂದ. ಆರ್‌ಬ್ರೋತ್‌ನ ಸುತ್ತ 8 ಕಿಲೋಮೀಟರ್ ಒಳಗೆ ಮಾಡಿದ್ದಕ್ಕೆ ಮಾತ್ರ ಆ ಹೆಸರು.

ಇನ್ನು ವಿಸ್ಕಿ. ಕೋಟೆಯ ಪಕ್ಕದಲ್ಲೇ ಸ್ಕಾಚ್ ವಿಸ್ಕಿ ಎಕ್ಸ್‌ಪೀರಿಯೆನ್ಸ್ ಅನ್ನುವ ವಿಸ್ಕಿ ಪ್ರದರ್ಶನ ಕೇಂದ್ರ ಇದೆ. ಬ್ರೆಜಿಲ್‌ನ ಒಬ್ಬರು ಕೂಡಿಟ್ಟ 3,384 ಬಾಟಲಿಗಳನ್ನು ಗಾಜಿನ ಕಪಾಟುಗಳಲ್ಲಿ ಜೋಡಿಸಿದ್ದಾರೆ, ಅದನ್ನು ನೋಡಲಿಕ್ಕಾದರೂ ಹೋಗು. ಅಲ್ಲಿ ಮೊದಲು ಮೂಸಲು ಕಲಿಸುತ್ತಾರೆ. ಮೂಗನ್ನು ಗ್ಲಾಸಿನೊಳಗೆ ತುರುಕಬೇಡ, ಬಾಯಿ ಸ್ವಲ್ಪ ತೆರೆದು ಮೆಲ್ಲಗೆ ಎಳೆದುಕೋ. ಆಮೇಲೆ ಎರಡು ಹನಿ ನೀರು ಹಾಕಿ ಇನ್ನೊಮ್ಮೆ ಮೂಸು, ವಾಸನೆಯೇ ಬದಲಾಗಿರುತ್ತದೆ. ಐಲಾ ದ್ವೀಪದ ವಿಸ್ಕಿ ಮಾತ್ರ ಕೊನೆಗೆ ಇಟ್ಟುಕೋ. ಆ ಕಡೆ ಮರ ಕಡಿಮೆ, ನೆಲದಿಂದ ಅಗೆದ ಪೀಟ್, ಅಂದರೆ ಜೌಗಿನಲ್ಲಿ ಕೊಳೆತ ಗಿಡಗಳ ಮಣ್ಣು, ಅದನ್ನು ಉರಿಸಿ ಬಾರ್ಲಿ ಒಣಗಿಸುವುದು ರೂಢಿಯಾಯಿತು. ಅಲ್ಲಿಯದೇ ಲಫ್ರಾಯ್ಗ್ ವಿಸ್ಕಿ ಮೂಸಿದರೆ ಮಲೆನಾಡಿನ ಬಚ್ಚಲು ಮನೆಯ ಹಂಡೆ ಒಲೆ ಪಕ್ಕದಲ್ಲಿ ಯಾರೋ ಡೆಟಾಲ್ ಚೆಲ್ಲಿದ ಹಾಗಿರುತ್ತದೆ. ನನಗೆ ಇಷ್ಟ. ನಿನಗೆ ಹಿಡಿಸದಿದ್ದರೆ ಸ್ಕಾಟ್ಲೆಂಡಿನ ಸ್ಪೇಸೈಡ್ ಪ್ರದೇಶದ್ದು ಕುಡಿ, ಅದು ಹೆಚ್ಚಾಗಿ ಹಣ್ಣು, ಜೇನಿನ ದಾರಿ.

ಗೈಡ್ ಹತ್ತಿರ ನಮ್ಮ ಬೆಂಗಳೂರಿನ ಅಮೃತ್ ವಿಸ್ಕಿಯ ಹೆಸರು ತೆಗೆದು ನೋಡು, ಮಾತು ಬೆಳೆಯುತ್ತದೆ. ಆ ಸಿಂಗಲ್ ಮಾಲ್ಟ್ (ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬಾರ್ಲಿಯಿಂದ ಮಾಡಿದ ವಿಸ್ಕಿ) ಬಿಡುಗಡೆಯಾಗಿದ್ದೇ ಗ್ಲಾಸ್ಗೋದಲ್ಲಿ, 2004ರಲ್ಲಿ. ಎಂಥ ಧೈರ್ಯ ಅಲ್ವಾ? ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು 2% ಆವಿಯಾಗಿ ಹೋದರೆ ಬೆಂಗಳೂರಿನಲ್ಲಿ 10% ದಾಟುತ್ತದೆ. ಅದಕ್ಕೇ ನಮ್ಮದು ಬೇಗ ಮಾಗುತ್ತದೆ. ಇಲ್ಲಿ ಕನಿಷ್ಠ 3 ವರ್ಷ ಓಕ್ ಪೀಪಾಯಿಯಲ್ಲಿ ಇರದಿದ್ದರೆ ಸ್ಕಾಚ್ ಅಂತ ಕರೆಯುವಂತಿಲ್ಲ.

ಡಿಸ್ಟಿಲರಿ ನೋಡಲು ಬಾಡಿಗೆ ಕಾರು ಬೇಡವೇ ಬೇಡ. ಕುಡಿದು ಓಡಿಸುವ ಮಿತಿ ಇಲ್ಲಿ 2014ರಿಂದ ಇಂಗ್ಲೆಂಡಿಗಿಂತ ಬಿಗಿ, 100 ಮಿಲಿಲೀಟರ್ ರಕ್ತಕ್ಕೆ 50 ಮಿಲಿಗ್ರಾಂ. ವ್ಯಾನ್ ಟೂರ್ ಹಿಡಿ. ಕಾರೇ ಬೇಕು ಅಂತ ಹಟ ಹಿಡಿದರೆ, ಡ್ರೈವರ್ ಪಾಲನ್ನು ಪುಟ್ಟ ಬಾಟಲಿಯಲ್ಲಿ ಹಾಕಿಕೊಡುವ ಡಿಸ್ಟಿಲರಿಗಳಿವೆ, ರೂಮಿಗೆ ಬಂದು ಕುಡಿ. ಅಂಗಡಿಗಳಲ್ಲಿ ಬೆಳಿಗ್ಗೆ 10ರಿಂದ ರಾತ್ರಿ 10ರವರೆಗೆ ಮಾತ್ರ ಮದ್ಯ ಮಾರುತ್ತಾರೆ, ಅದೂ ನೆನಪಿರಲಿ.

ಇರ್ನ್-ಬ್ರೂ ಅಂತ ಕಿತ್ತಳೆ ಬಣ್ಣದ ಸೋಡಾ ಎಲ್ಲ ಕಡೆ ಕಾಣುತ್ತದೆ. ಸ್ಕಾಟಿಷ್ ಜನಕ್ಕೆ ಅದು ಪ್ರಾಣ. ನನಗೆ ಇವತ್ತಿಗೂ ಒಗ್ಗಿಲ್ಲ. ಮಕ್ಕಳಿಗೆ ಕೊಡಿಸು, ಇಷ್ಟಪಡಬಹುದು.

ಟಿಕೆಟ್ ಆದ ತಕ್ಷಣ ತಾರೀಕು ಹೇಳು. ಆಗಸ್ಟ್ ಆದರೆ ಈಗಲೇ ಬುಕ್ ಮಾಡಬೇಕು, ಫೆಸ್ಟಿವಲ್ ತಿಂಗಳಲ್ಲಿ ಎಡಿನ್‌ಬರಾದಲ್ಲಿ ಕಾಲಿಡಲು ಜಾಗ ಇರಲ್ಲ, ರೂಮಿನ ಬಾಡಿಗೆಯೂ ಜಾಸ್ತಿ. ಜನವರಿ ಕೊನೆಗೆ ಬಂದರೆ ಬರ್ನ್ಸ್ ಊಟಕ್ಕೆ ನಿನ್ನ ಹೆಸರೂ ಸೇರಿಸುತ್ತೇನೆ.

ಇಂತಿ ನಿನ್ನ ಗೆಳೆಯ