ಗಾಲಿಕುರ್ಚಿ ಕೊಟ್ಟರೆ ಸಾಲದು, ರಿಪೇರಿಯ ದಾರಿಯೂ ಬೇಕು

ಮಾನ್ಯ ಸಂಪಾದಕರೇ,

ಮೋಟಾರ್ ಗಾಲಿಕುರ್ಚಿ ಕೊಳ್ಳಬೇಕೆಂದಿರುವವರು ನನ್ನನ್ನು ಆಗಾಗ ಕೇಳುತ್ತಾರೆ, ಯಾವ ಕಂಪನಿಯದ್ದು ಒಳ್ಳೆಯದು ಅಂತ. ನಾನೂ ಅದರಲ್ಲೇ ಓಡಾಡುವವನು. ನನ್ನ ಉತ್ತರ ಯಾವಾಗಲೂ ಒಂದೇ: ಕೆಟ್ಟು ನಿಂತ ದಿನ ಯಾರು ಸರಿಮಾಡಿಕೊಡುತ್ತಾರೆ ಎಂದು ಮೊದಲು ಕೇಳಿ, ಕಂಪನಿ ಆಮೇಲೆ ನೋಡೋಣ. ಕಾರು ಕೆಟ್ಟರೆ ಬಸ್ಸು ಹತ್ತಬಹುದು. ಈ ಕುರ್ಚಿ ಕೆಟ್ಟರೆ ನಮ್ಮಲ್ಲಿ ಎಷ್ಟೋ ಜನ ಹಾಸಿಗೆ ಬಿಟ್ಟು ಏಳುವ ಹಾಗೇ ಇಲ್ಲ. ಕೆಲಸ, ಕಾಲೇಜು ಎಲ್ಲ ಅಲ್ಲಿಗೇ ನಿಲ್ಲುತ್ತದೆ. ಕೊಡುವವರಾಗಲಿ ಕೊಳ್ಳುವವರಾಗಲಿ ಇದನ್ನು ಮೊದಲೇ ಯೋಚಿಸುವುದು ತೀರಾ ಕಡಿಮೆ. ಅದಕ್ಕೇ ಈ ಪತ್ರ.

ಅಂಗಡಿಯಲ್ಲಿ ಮಾತು ಶುರುವಾಗುವುದು ಸ್ಪೀಡ್ ಎಷ್ಟು, ಒಂದು ಚಾರ್ಜಿಗೆ ಎಷ್ಟು ದೂರ ಓಡುತ್ತದೆ ಎಂಬುದರಿಂದ. ನಾನಾದರೆ ಮೊದಲು ಸೀಟು ನೋಡಿ ಅನ್ನುತ್ತೇನೆ. ಬೆಳಗಿನಿಂದ ರಾತ್ರಿವರೆಗೆ ಕೂರುವ ಜಾಗ ಅದು. ಅಗಲ ಜಾಸ್ತಿಯಾದರೆ ದೇಹ ಒಂದು ಪಕ್ಕಕ್ಕೆ ವಾಲುತ್ತದೆ. ಉದ್ದ ಜಾಸ್ತಿಯಾದರೆ ಮಂಡಿಯ ಹಿಂದೆ ಒತ್ತಿ, ಸೊಂಟ ಮುಂದಕ್ಕೆ ಜಾರುತ್ತದೆ. ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗದವರಿಗೆ ಒತ್ತಿದ್ದು ತಿಳಿಯುವುದೇ ಇಲ್ಲ, ತಿಳಿಯುವ ಹೊತ್ತಿಗೆ ಹುಣ್ಣಾಗಿರುತ್ತದೆ. ಆ ಹುಣ್ಣು ವಾಸಿಯಾಗಲು ತಿಂಗಳುಗಟ್ಟಲೆ ಮಲಗಬೇಕಾಗಬಹುದು. ತಾವಾಗಿ ಮೈ ಎತ್ತಿ ಕೂರಲು ಆಗದವರಿಗೆ ಬೆನ್ನು ಸೀಟು ಎರಡೂ ಒಟ್ಟಿಗೆ ಹಿಂದಕ್ಕೆ ವಾಲುವ ಕುರ್ಚಿ ಬೇಕು. ಬೆನ್ನು ಮಾತ್ರ ಮಲಗುವ ಕುರ್ಚಿ ಅದಕ್ಕೆ ಬದಲಿ ಅಲ್ಲ. ಅದರಲ್ಲಿ ಮೈ ಜಾರಿ ಚರ್ಮ ಉಜ್ಜುತ್ತದೆ. ಥೆರಪಿಸ್ಟ್ ಒಬ್ಬರು ಕೂರಿಸಿ ಅಳತೆ ತೆಗೆದು ಹೇಳದೆ ದಯವಿಟ್ಟು ದುಡ್ಡು ಕೊಡಬೇಡಿ.

ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರಡಿಸಿದ ಗಾಲಿಕುರ್ಚಿ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ತಕ್ಕ ಕುರ್ಚಿ ಆರಿಸಬೇಕು, ದೇಹಕ್ಕೆ ಹೊಂದಿಸಬೇಕು, ಬಳಸಲು ಕಲಿಸಬೇಕು, ಆಮೇಲೂ ವಿಚಾರಿಸುತ್ತಿರಬೇಕು. ಕೊನೆಯ ಎರಡು ಆಗುವುದೇ ಅಪರೂಪ.

ಯಾವ ಗಾಲಿಗೆ ಮೋಟಾರ್ ಇದೆ ಎಂಬುದೂ ಮುಖ್ಯ. ನಡುವಿನ ಗಾಲಿಗೆ ಇದ್ದರೆ ಇಕ್ಕಟ್ಟಾದ ಬಾತ್‌ರೂಮಿನ ಬಾಗಿಲಲ್ಲೂ ನಿಂತಲ್ಲೇ ತಿರುಗಬಹುದು. ಹಿಂದಿನ ಗಾಲಿಗೆ ಇದ್ದರೆ ವೇಗದಲ್ಲಿ ನೇರವಾಗಿ ಓಡುತ್ತದೆ, ಆದರೆ ತಿರುಗಲು ಜಾಗ ಜಾಸ್ತಿ ಬೇಕು. ಹ್ಯಾಂಡಲ್ ಹಿಡಿದು ಓಡಿಸುವ ಮೊಬಿಲಿಟಿ ಸ್ಕೂಟರ್ ಅಂತೂ ಎರಡೂ ಕೈಯಲ್ಲಿ ಬಲ ಇದ್ದು, ಆಸರೆ ಇಲ್ಲದೆ ನೆಟ್ಟಗೆ ಕೂರಬಲ್ಲವರಿಗೆ ಮಾತ್ರ. ಕುರ್ಚಿಯನ್ನು ನಿಮ್ಮ ಮನೆಯೊಳಗೇ ಓಡಿಸಿ ನೋಡಿ. ಶೋರೂಮಿನ ನುಣುಪು ನೆಲದಲ್ಲಿ ಎಲ್ಲವೂ ಚೆನ್ನಾಗೇ ಓಡುತ್ತದೆ, ಅಲ್ವಾ?

ಇನ್ನು ಬ್ಯಾಟರಿ. ಬಹುತೇಕ ಕುರ್ಚಿಗಳಲ್ಲಿ 12 ವೋಲ್ಟಿನ ಎರಡು ಬ್ಯಾಟರಿ ಸೇರಿ 24 ವೋಲ್ಟ್ ಆಗುತ್ತದೆ. ಒಂದು ಸತ್ತರೆ ಎರಡನ್ನೂ ಬದಲಿಸಬೇಕು, ಇಲ್ಲದಿದ್ದರೆ ಹಳೆಯದು ಹೊಸದನ್ನೂ ಕೆಡಿಸುತ್ತದೆ. ಕಡಿಮೆಗೆ ಸಿಗುತ್ತದೆ ಅಂತ ಕಾರಿನ ಬ್ಯಾಟರಿ ಹಾಕುವವರಿದ್ದಾರೆ. ಕಾರಿನದ್ದು ಎಂಜಿನ್ ಸ್ಟಾರ್ಟ್ ಮಾಡಲು ಒಂದು ಕ್ಷಣ ಜೋರಾಗಿ ಕರೆಂಟ್ ಕೊಡಲು ಮಾಡಿದ್ದು. ದಿನವಿಡೀ ನಿಧಾನವಾಗಿ ಖಾಲಿಯಾಗುವ ಕೆಲಸಕ್ಕೆ ಹಾಕಿದರೆ ಬೇಗ ಸಾಯುತ್ತದೆ. ಸೀಸದ ಬ್ಯಾಟರಿಯನ್ನು ಖಾಲಿಯಾದ ಮೇಲೆ ಹಾಗೇ ಬಿಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹಿಡಿಯುವುದಿಲ್ಲ. ಆದ್ದರಿಂದ ಸ್ವಲ್ಪವೇ ಓಡಿಸಿದ್ದರೂ ರಾತ್ರಿ ಚಾರ್ಜಿಗೆ ಹಾಕಿ. ಚಾರ್ಜರ್ ಕೂಡ ಆ ಬ್ಯಾಟರಿಯ ಜಾತಿಯದ್ದೇ ಆಗಿರಬೇಕು. ಪ್ಲಗ್ ಹೊಂದಿತು ಅಂತ ಸಿಕ್ಕಿದ್ದನ್ನು ಚುಚ್ಚಬೇಡಿ, ಲಿಥಿಯಂ ಬ್ಯಾಟರಿಗಂತೂ ಬೆಂಕಿಯ ಅಪಾಯ ಇದೆ.

ದೊಡ್ಡ ರಿಪೇರಿಗಳು ಎಷ್ಟೋ ಸಲ ಸಣ್ಣ ಜಾಗದಲ್ಲಿ ಹುಟ್ಟುತ್ತವೆ. ಕುರ್ಚಿ ಓಡಿಸಲು ಕೈಯಲ್ಲಿ ಹಿಡಿಯುವ ಸಣ್ಣ ಕಡ್ಡಿ, ಅಂದರೆ ಜಾಯ್‌ಸ್ಟಿಕ್ಕಿನ ಬುಡದಲ್ಲಿ ಮಡಿಕೆ ಮಡಿಕೆಯಾದ ಕಪ್ಪು ರಬ್ಬರ್ ಹೊದಿಕೆ ಇರುತ್ತದೆ. ದಿನವೂ ಬಗ್ಗಿ ಬಗ್ಗಿ ಅದರ ಮಡಿಕೆಯಲ್ಲಿ ಕೂದಲೆಳೆಯಂಥ ಸೀಳು ಬೀಳುತ್ತದೆ. ಬೆರಳಿನಿಂದ ಸ್ವಲ್ಪ ಅಗಲಿಸಿ ನೋಡಿದರೆ ಮಾತ್ರ ಕಾಣುತ್ತದೆ. ಒಂದು ಮಳೆ, ಅಥವಾ ಕೈತಪ್ಪಿ ಚೆಲ್ಲಿದ ಒಂದು ಲೋಟ ಕಾಫಿ ಅಲ್ಲಿಂದ ಇಳಿದರೆ ಒಳಗಿನ ಸರ್ಕ್ಯೂಟ್ ಹೋಯಿತು. ಹೊದಿಕೆ ಅಗ್ಗ, ಜಾಯ್‌ಸ್ಟಿಕ್ ದುಬಾರಿ. ಹಾಗೇ ಸಣ್ಣ ಗಾಲಿಗಳ ಅಚ್ಚಿಗೆ ತಲೆಕೂದಲು, ದಾರ ಸುತ್ತಿಕೊಂಡು ಬೇರಿಂಗ್ ಹಿಡಿದುಬಿಡುತ್ತದೆ. ಆಗ ಕುರ್ಚಿ ಒಂದು ಕಡೆಗೆ ಎಳೆಯುತ್ತದೆ, ಮೋಟಾರಿಗೂ ಭಾರ. ವಾರಕ್ಕೊಮ್ಮೆ ಮನೆಯವರು ಯಾರಾದರೂ ಬಗ್ಗಿ ನೋಡಿ ಕತ್ತರಿಸಿ ತೆಗೆದರೆ ಸಾಕು.

ಇನ್ನೊಂದು, ಸಹಾಯಕರಿಗೆ ಹೇಳಲೇಬೇಕಾದ್ದು. ಮೋಟಾರಿನ ಪಕ್ಕದಲ್ಲಿ ಕುರ್ಚಿಯನ್ನು ಕೈಯಿಂದ ತಳ್ಳಲು ಒಂದು ಲಿವರ್ ಇರುತ್ತದೆ. ಅದನ್ನು ಬಿಡಿಸಿದರೆ ಬ್ರೇಕೂ ಬಿಟ್ಟುಹೋಗುತ್ತದೆ. ಇಳಿಜಾರಿನಲ್ಲಿ ಅದನ್ನು ಮುಟ್ಟಲೇಬಾರದು. ಆಫ್ ಮಾಡಿದ್ದೇವಲ್ಲ, ನಿಂತೇ ಇರುತ್ತದೆ ಎಂದುಕೊಳ್ಳುವುದು ಅಪಾಯ.

ಇಷ್ಟನ್ನು ನಾವು ನೋಡಿಕೊಳ್ಳಬಹುದು. ನಮ್ಮ ಕೈಯಲ್ಲಿ ಇಲ್ಲದ್ದೂ ಇದೆ. ನನ್ನ ಕೈ ನಡುಕ ಜಾಸ್ತಿಯಾದಾಗ ಜಾಯ್‌ಸ್ಟಿಕ್ ಸ್ವಲ್ಪ ನಿಧಾನವಾಗಿ ಸ್ಪಂದಿಸುವ ಹಾಗೆ ಮಾಡಿಸಬೇಕಿತ್ತು. ಒಂದು ಉಪಕರಣ ಸಿಕ್ಕಿಸಿ ಸೆಟ್ಟಿಂಗ್ ಬದಲಿಸುವ ಕೆಲಸ ಅಷ್ಟೇ. ಆದರೆ ಆ ಉಪಕರಣ ಕಂಪನಿಯವರ ಹತ್ತಿರ ಮಾತ್ರ ಇರುವುದರಿಂದ ವಾರಗಟ್ಟಲೆ ಕಾದೆ. ಪಕ್ಕದಲ್ಲೇ ಇದ್ದ ಒಳ್ಳೆಯ ಮೆಕ್ಯಾನಿಕ್‌ಗೆ ಅದನ್ನು ಮುಟ್ಟುವ ಹಾಗಿರಲಿಲ್ಲ. ಇದು ಸರಿಯಲ್ಲ. ಅಮೆರಿಕದ ಕೊಲರಾಡೋ ರಾಜ್ಯ 2022ರಲ್ಲಿ ಇದಕ್ಕೆಂದೇ ಕಾನೂನು ಮಾಡಿತು. ಮೋಟಾರ್ ಗಾಲಿಕುರ್ಚಿ ತಯಾರಿಸುವವರು ಬಿಡಿಭಾಗ, ಉಪಕರಣ, ಸಾಫ್ಟ್‌ವೇರ್, ರಿಪೇರಿ ಕೈಪಿಡಿಗಳನ್ನು ಮಾಲೀಕರಿಗೂ ಹೊರಗಿನ ಮೆಕ್ಯಾನಿಕ್‌ಗಳಿಗೂ ಕೊಡಲೇಬೇಕು. ಇಂಥ ಕಾನೂನು ಎಲ್ಲ ಕಡೆ ಬರಬೇಕು.

ಕುರ್ಚಿ ದಾನ ಕೊಡುವ ಸಂಘ ಸಂಸ್ಥೆಗಳಲ್ಲೂ ಒಂದು ವಿನಂತಿ. ನೂರು ಜನಕ್ಕೆ ಕೊಡುವ ಹಣ ಇದ್ದರೆ ಎಂಬತ್ತು ಜನಕ್ಕೆ ಕೊಡಿ. ಉಳಿದದ್ದನ್ನು ಮುಂದೆ ಹಾಕಬೇಕಾಗುವ ಬ್ಯಾಟರಿಗೆ, ಟೈರಿಗೆ, ರಿಪೇರಿ ಆಗುವವರೆಗೆ ಬಳಸಲು ಕೊಡುವ ಒಂದೆರಡು ಬದಲಿ ಕುರ್ಚಿಗೆ ಎತ್ತಿಡಿ. ನಿಮ್ಮ ವರದಿಗಾರರು ಅಂಥ ಕಾರ್ಯಕ್ರಮಕ್ಕೆ ಹೋದಾಗ, ರಿಪೇರಿ ಯಾರ ಹೊಣೆ ಎಂದು ವೇದಿಕೆಯ ಮೇಲಿದ್ದವರನ್ನು ಕೇಳಿ, ಅವರು ಹೇಳಿದ್ದನ್ನು ಹಾಗೇ ಅಚ್ಚು ಹಾಕಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ